ನೊಣದ ಮಿದುಳಿನ ಭಾಗಗಳಿಗೆ ಹೆಸರಿಡುವುದು: ಒಂದೇ ಜಾಗಕ್ಕೆ ಒಂದೇ ಹೆಸರು ಸಿಗಲು ಏನೇನು ಬೇಕಾಯಿತು?

2024ರ ಅಕ್ಟೋಬರ್‌ನಲ್ಲಿ ವಯಸ್ಕ ಹೆಣ್ಣು ಹಣ್ಣಿನ ನೊಣವೊಂದರ ಇಡೀ ಮಿದುಳಿನ ಜೋಡಣಾ ನಕ್ಷೆ ಪ್ರಕಟವಾಯಿತು. ಅದರಲ್ಲಿ 1,39,255 ನರಕೋಶಗಳಿವೆ. ಅವುಗಳ ನಡುವಿನ ಸಂಪರ್ಕಬಿಂದುಗಳು, ಅಂದರೆ ಸಿನಾಪ್ಸ್‌ಗಳು, ಸುಮಾರು ಐದು ಕೋಟಿ. ಈ ನಕ್ಷೆಯನ್ನು ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ತೆರೆದು, ಒಂದೊಂದೇ ನರಕೋಶವನ್ನು ಆರಿಸಿ, ತಿರುಗಿಸಿ ನೋಡಬಹುದು. ಹಾಗೆ ನೋಡಲು ಕುಳಿತವರಿಗೆ ಮೊದಲು ಎದುರಾಗುವ ತೊಡಕು ಹೆಸರುಗಳದ್ದು. ಎಸ್‌ಎಂಪಿ, ಎಲ್‌ಎಎಲ್, ಜಿಎನ್‌ಜಿ, ಎವಿಎಲ್‌ಪಿ ಎಂದು ಪರದೆಯ ತುಂಬ ಗುಂಪುಗುಂಪಾಗಿ ಅಕ್ಷರಗಳು. ಹತ್ತಿಪ್ಪತ್ತು ವರ್ಷ ಹಳೆಯ ಪ್ರಬಂಧವೊಂದನ್ನು ಪಕ್ಕಕ್ಕೆ ಇಟ್ಟುಕೊಂಡರೆ ಅಲ್ಲಿರುವ ಹೆಸರುಗಳೇ ಬೇರೆ.

ಹೆಸರಿಡುವುದು ಸುಲಭದ ಕೆಲಸದಂತೆ ಕಾಣುತ್ತದೆ. ಆದರೆ ಇಲ್ಲಿ ಕಷ್ಟ ಇರುವುದು ಪದ ಹುಡುಕುವುದರಲ್ಲಿ ಅಲ್ಲ. ಆ ಪದ ಎಲ್ಲಿಂದ ಎಲ್ಲಿಯವರೆಗಿನ ಜಾಗಕ್ಕೆ ಸಲ್ಲುತ್ತದೆ, ಆ ಜಾಗದ ಮೇಲು ಯಾವುದು, ಮುಂದು ಯಾವುದು ಎಂದು ಎಲ್ಲರೂ ಒಪ್ಪುವಂತೆ ಗೊತ್ತುಮಾಡುವುದು ನಿಜವಾದ ಕೆಲಸ.

ಮೊದಲು, ಒಳಗೆ ಏನಿದೆ?

ಕೀಟದ ನರಮಂಡಲವೆಂದರೆ ತಲೆಯಿಂದ ಹೊಟ್ಟೆಯ ಕಡೆಗೆ ಸಾಲಾಗಿ ಪೋಣಿಸಿದ ನರಗಂಟುಗಳು. ತಲೆಯೊಳಗಿನ ಗಂಟುಗಳು ಸೇರಿ ಮಿದುಳಾಗಿವೆ. ಅನ್ನನಾಳ ಈ ಮಿದುಳನ್ನು ತೂರಿಕೊಂಡೇ ಹೋಗುತ್ತದೆ. ಹಾಗಾಗಿ ಅನ್ನನಾಳದ ಮೇಲಿನದು, ಕೆಳಗಿನದು ಎಂಬ ಎರಡು ಭಾಗಗಳು ತಾವಾಗಿಯೇ ಏರ್ಪಡುತ್ತವೆ. ಕೆಳಭಾಗದಿಂದ ಹೊರಟ ದಪ್ಪ ನರಗಳು ಕತ್ತಿನ ಮೂಲಕ ಇಳಿದು ಎದೆ ಮತ್ತು ಹೊಟ್ಟೆಯ ನರಗಂಟುಗಳನ್ನು ಸೇರುತ್ತವೆ. ಬೆನ್ನೆಲುಬಿನ ಪ್ರಾಣಿಗಳಲ್ಲಿ ಬೆನ್ನುಹುರಿ ಬೆನ್ನಿನ ಕಡೆ ಇದ್ದರೆ, ಕೀಟಗಳಲ್ಲಿ ಈ ನರಹುರಿ ಇರುವುದು ಹೊಟ್ಟೆಯ ಕಡೆ.

ಮಿದುಳನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಎರಡು ಬಗೆಯ ಜಾಗ ಕಾಣುತ್ತದೆ. ಹೊರಗೆ, ಹಣ್ಣಿನ ಸಿಪ್ಪೆಯ ಹಾಗೆ, ನರಕೋಶಗಳ ದುಂಡು ದೇಹಗಳ ಪದರ. ಒಳಗೆ, ತಿರುಳಿನ ಜಾಗದಲ್ಲಿ, ಆ ಕೋಶಗಳು ಚಾಚಿದ ಎಳೆಗಳೆಲ್ಲ ಹೆಣೆದುಕೊಂಡ ದಟ್ಟ ಜಾಲ. ಈ ಜಾಲಕ್ಕೆ ನ್ಯೂರೋಪಿಲ್ ಎನ್ನುತ್ತಾರೆ. ಸಿನಾಪ್ಸ್‌ಗಳು ಬಹುಪಾಲು ಇರುವುದು ಇಲ್ಲಿಯೇ. ಹೆಸರಿಡಬೇಕಾದದ್ದು ಮುಖ್ಯವಾಗಿ ಈ ನ್ಯೂರೋಪಿಲ್‌ನ ತುಂಡುಗಳಿಗೆ ಮತ್ತು ಅವುಗಳ ನಡುವೆ ಓಡುವ ಎಳೆಗಳ ಕಟ್ಟುಗಳಿಗೆ. ಇಂಥ ಕಟ್ಟನ್ನು ಟ್ರ್ಯಾಕ್ಟ್ ಎನ್ನುತ್ತಾರೆ. ಎಡ ಅರ್ಧದಿಂದ ಬಲ ಅರ್ಧಕ್ಕೆ ದಾಟುವ ಕಟ್ಟು ಕಮಿಷರ್.

ಸಿಪ್ಪೆಯಂಥ ಆ ಹೊರಪದರವನ್ನು ಹಿಂದೆ ಕಾರ್ಟೆಕ್ಸ್ ಎಂದು ಕರೆಯುವ ರೂಢಿ ಇತ್ತು. ಅದು ದಾರಿ ತಪ್ಪಿಸುವ ಹೆಸರು. ನಮ್ಮ ಮಿದುಳಿನ ಕಾರ್ಟೆಕ್ಸ್‌ನಲ್ಲಿ ಕೋಶದೇಹಗಳೂ ಸಿನಾಪ್ಸ್‌ಗಳೂ ಒಟ್ಟಿಗೇ ಇರುತ್ತವೆ, ಲೆಕ್ಕಾಚಾರವೂ ಅಲ್ಲೇ ನಡೆಯುತ್ತದೆ. ನೊಣದ ಹೊರಪದರದಲ್ಲಿ ಇರುವುದು ಕೋಶದೇಹಗಳು ಮಾತ್ರ ಎಂದರೂ ನಡೆಯುತ್ತದೆ. ಹೆಸರು ಒಂದೇ ಆದರೆ ಓದುವವರು ಕೆಲಸವೂ ಒಂದೇ ಎಂದುಕೊಳ್ಳುತ್ತಾರೆ. ಈಗ ಅದರ ಹೆಸರು ಸೆಲ್ ಬಾಡಿ ರಿಂಡ್, ಅಂದರೆ ಕೋಶದೇಹಗಳ ಸಿಪ್ಪೆ.

ಗೊಂದಲ ಬೆಳೆದ ಬಗೆ

ಫ್ರಾನ್ಸಿನ ದುಜಾರ್ದಾನ್ 1850ರಲ್ಲಿ ಕೀಟಗಳ ಮಿದುಳಿನಲ್ಲಿ ತೊಟ್ಟಿನ ಮೇಲೆ ಕೊಡೆ ಬಿಚ್ಚಿದಂಥ ಒಂದು ಜೋಡಿ ರಚನೆಯನ್ನು ವಿವರಿಸಿದರು. ನಾವು ಇಂದು ಮಶ್ರೂಮ್ ಬಾಡಿ, ಅಂದರೆ ಅಣಬೆಕಾಯ, ಎಂದು ಕರೆಯುವುದು ಅದನ್ನೇ. ವಾಸನೆಯ ನೆನಪು ಕೂಡುವ ಜಾಗ ಅದು. 1896ರಲ್ಲಿ ಕೆನ್ಯನ್ ಜೇನುನೊಣದಲ್ಲಿ ಅದರ ಒಳಗಿನ ಕೋಶಗಳನ್ನು ವರ್ಣಿಸಿದರು. ಆ ಕೋಶಗಳಿಗೆ ಇವತ್ತಿಗೂ ಅವರದೇ ಹೆಸರಿದೆ.

ಅಲ್ಲಿಂದ ಮುಂದೆ ಒಬ್ಬರು ಮಿಡತೆ ಹಿಡಿದರು, ಇನ್ನೊಬ್ಬರು ಜಿರಳೆ, ಮತ್ತೊಬ್ಬರು ಪತಂಗ, ಮನೆನೊಣ, ಹಣ್ಣಿನ ನೊಣ. ತಮಗೆ ಕಂಡ ಆಕಾರಕ್ಕೆ ತಮಗೆ ತೋಚಿದ ಹೆಸರು ಕೊಟ್ಟರು. ಯಾರದೂ ತಪ್ಪಲ್ಲ. ಒಬ್ಬರ ಹೆಸರನ್ನು ಇನ್ನೊಬ್ಬರ ಹೆಸರಿನ ಜೊತೆ ಹೋಲಿಸುವ ಅಗತ್ಯವೇ ಆಗ ಅಷ್ಟಾಗಿ ಇರಲಿಲ್ಲ.

ಇದರಿಂದ ಮೂರು ಬಗೆಯ ತೊಂದರೆ ಉಳಿಯಿತು. ಒಂದೇ ವಸ್ತುವಿಗೆ ಹಲವು ಹೆಸರು ಎಂಬುದು ಮೊದಲನೆಯದು. ಈಗ ಬಲ್ಬ್ ಎನ್ನುವ ಪುಟ್ಟ ಭಾಗಕ್ಕೆ ನೊಣದ ಬರಹಗಳಲ್ಲಿ ಲ್ಯಾಟರಲ್ ಟ್ರಯಾಂಗಲ್ ಎಂಬ ಹೆಸರಿತ್ತು. ಮಿಡತೆಯವರಿಗೆ ಅದು ಎರಡು ತುಂಡು, ಹಾಗಾಗಿ ಹೆಸರೂ ಎರಡು: ಲ್ಯಾಟರಲ್ ಟ್ರಯಾಂಗಲ್ ಮತ್ತು ಮೀಡಿಯನ್ ಆಲಿವ್. ಇಂಥ ತೊಂದರೆಯನ್ನು ಒಂದು ಹೊಂದಾಣಿಕೆಯ ಪಟ್ಟಿ ಮಾಡಿ ಪರಿಹರಿಸಬಹುದು.

ಎರಡನೆಯದು ಹೆಸರೇ ಇಲ್ಲದಿರುವುದು. ಅಣಬೆಕಾಯದಂತೆ ಎದ್ದು ಕಾಣುವ ಭಾಗಗಳಿಗೆ ಹೆಸರು ಸಿಕ್ಕಿತ್ತು. ಆದರೆ ಮಿದುಳಿನ ನಡುಭಾಗದ ದೊಡ್ಡ ಹರವಿಗೆ ಸ್ಪಷ್ಟ ಆಕಾರ ಇರಲಿಲ್ಲ. ಅದನ್ನು ಒಟ್ಟಾರೆಯಾಗಿ ಪ್ರೋಟೋಸೆರೆಬ್ರಮ್‌ನ, ಅಂದರೆ ಮಿದುಳಿನ ಮೊದಲ ಖಂಡದ, ಪಕ್ಕದ ಭಾಗ, ಕೆಳಗಿನ ಭಾಗ ಎಂದಷ್ಟೇ ಬರೆಯುತ್ತಿದ್ದರು. ಊರಿನ ದೇವಸ್ಥಾನಕ್ಕೂ ಕೆರೆಗೂ ಹೆಸರಿದ್ದು, ಬೀದಿಗಳಿಗೆ ಹೆಸರಿಲ್ಲದಿದ್ದರೆ ವಿಳಾಸ ಹೇಳುವುದು ಹೇಗೋ ಹಾಗೆ.

ಮೂರನೆಯದೇ ಎಲ್ಲಕ್ಕಿಂತ ಅಪಾಯಕಾರಿ: ಒಂದೇ ಹೆಸರು, ಅಥವಾ ಒಂದೇ ಎನ್ನಿಸುವ ಹೆಸರು, ಬೇರೆ ಬೇರೆ ವಸ್ತುಗಳಿಗೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬೇಕು. ಕುಡಿಮೀಸೆಯಿಂದ ಬಂದ ವಾಸನೆಯ ಸುದ್ದಿ ಮೊದಲು ಆಂಟೆನಲ್ ಲೋಬ್ ಎಂಬ ಭಾಗಕ್ಕೆ ಬಂದು, ಅಲ್ಲಿಂದ ಮೇಲಕ್ಕೆ ಮುಖ್ಯವಾಗಿ ಮೂರು ಕಟ್ಟುಗಳಲ್ಲಿ ಹೋಗುತ್ತದೆ. ಹಣ್ಣಿನ ನೊಣದ ಹಳೆಯ ಬರಹಗಳಲ್ಲಿ ಇವು ಐಎಸಿಟಿ, ಎಂಎಸಿಟಿ, ಓಎಸಿಟಿ. ಮೊದಲಕ್ಷರಗಳು ಒಳಗಿನದು, ನಡುವಿನದು, ಹೊರಗಿನದು ಎಂಬುದನ್ನು ಸೂಚಿಸುತ್ತಿದ್ದವು. ಬೇರೆ ಕೀಟಗಳ ಬರಹಗಳಲ್ಲಿ ಇದೇ ಕಟ್ಟುಗಳಿಗೆ ಎಜಿಟಿ, ಎಪಿಟಿ ಎಂಬ ಬೇರೆ ಗುಂಪಿನ ಹೆಸರುಗಳಿದ್ದವು. ಈಗ ಮೂರಕ್ಕೂ ಆಂಟೆನಲ್ ಲೋಬ್ ಟ್ರ್ಯಾಕ್ಟ್ ಎಂಬ ಕುಲನಾಮ ಇದ್ದು, ಎಂಎಎಲ್‌ಟಿ, ಎಂಎಲ್‌ಎಎಲ್‌ಟಿ, ಎಲ್‌ಎಎಲ್‌ಟಿ ಎಂದು ಕರೆಯುತ್ತಾರೆ.

ಅವಸರದಲ್ಲಿ ಓದಿದವರು ಹಳೆಯ ಎಂಎಸಿಟಿ ಎಂದರೆ ಹೊಸ ಎಂಎಎಲ್‌ಟಿ ಎಂದುಕೊಳ್ಳುತ್ತಾರೆ. ಎರಡೂ ಎಂ ಅಕ್ಷರದಿಂದಲೇ ಶುರುವಾಗುತ್ತವಲ್ಲ! ಅದು ತಪ್ಪು. ಹೊಸ ಎಂಎಎಲ್‌ಟಿ ಎಂದರೆ ಹಳೆಯ ಐಎಸಿಟಿ. ಹಳೆಯ ಎಂಎಸಿಟಿ ಈಗ ಎಂಎಲ್‌ಎಎಲ್‌ಟಿ. ಮೊದಲನೆಯದು ಅಣಬೆಕಾಯದ ಬಟ್ಟಲಿಗೆ, ಅಂದರೆ ವಾಸನೆಯ ಸುದ್ದಿ ಅದರೊಳಗೆ ಬಂದು ಸೇರುವ ಭಾಗಕ್ಕೆ, ಕವಲು ಕೊಟ್ಟು ಮುಂದೆ ಹೋಗುತ್ತದೆ. ಎರಡನೆಯದು ಆ ಬಟ್ಟಲನ್ನು ಮುಟ್ಟದೆಯೇ ಲ್ಯಾಟರಲ್ ಹಾರ್ನ್ ಎಂಬ ಭಾಗಕ್ಕೆ ಸಾಗುತ್ತದೆ. ಎರಡನ್ನು ಅದಲು ಬದಲು ಮಾಡಿದರೆ, ವಾಸನೆಯ ಸುದ್ದಿ ನೆನಪಿನ ಜಾಗಕ್ಕೆ ಹೋಗುತ್ತದೆಯೋ ಇಲ್ಲವೋ ಎಂಬ ತೀರ್ಮಾನವೇ ತಲೆಕೆಳಗಾಗುತ್ತದೆ.

ಮುಂದೆ ಯಾವುದು, ಮೇಲೆ ಯಾವುದು?

ಹೆಸರುಗಳಲ್ಲಿ ಅರ್ಧಕ್ಕರ್ಧ ದಿಕ್ಕಿನ ಪದಗಳೇ: ಮೇಲಿನ, ಹಿಂದಿನ, ಮಧ್ಯದ ಕಡೆಯ ಹೀಗೆ. ದಿಕ್ಕು ಖಚಿತವಿಲ್ಲದಿದ್ದರೆ ಹೆಸರು ಇದ್ದೂ ಇಲ್ಲದಂತೆ. ಕೀಟಗಳಲ್ಲಿ ಇದು ನಿಜಕ್ಕೂ ತೊಡಕಿನ ವಿಷಯ, ಏಕೆಂದರೆ ಅನೇಕ ಕೀಟಗಳ ಮಿದುಳು ಬೆಳೆಯುತ್ತಾ ಮಡಚಿಕೊಳ್ಳುತ್ತದೆ.

ನಿಮ್ಮ ಕೈಯನ್ನೇ ಮುಂದೆ ಚಾಚಿ, ಅಂಗೈ ನೆಲದ ಕಡೆಗಿರಲಿ. ಈಗ ಬೆರಳುಗಳು ಮುಂದಕ್ಕೆ, ಹಿಂಗೈ ಮೇಲಕ್ಕೆ ಇದೆ. ಮಣಿಕಟ್ಟನ್ನು ಮೇಲಕ್ಕೆ ಮಡಚಿ ಬೆರಳುಗಳು ಸೂರಿನ ಕಡೆ ನಿಲ್ಲುವಂತೆ ಮಾಡಿ. ಮುಂದಕ್ಕಿದ್ದ ಬೆರಳ ತುದಿ ಮೇಲಕ್ಕೆ ಬಂತು, ಮೇಲಕ್ಕಿದ್ದ ಹಿಂಗೈ ನಿಮ್ಮ ಕಡೆಗೆ, ಅಂದರೆ ಹಿಂದಕ್ಕೆ ತಿರುಗಿತು. ಕೆಳಗಿದ್ದ ಅಂಗೈ ಈಗ ಮುಂದೆ ನೋಡುತ್ತಿದೆ. ನರಮಂಡಲದ ಮುಂತುದಿಯೂ ಹೀಗೆಯೇ ಮಡಚಿಕೊಂಡಿರುತ್ತದೆ.

ಈಗ ಹಿಂಗೈಯನ್ನು ಏನೆಂದು ಕರೆಯಬೇಕು? ಕೈಯ ಮೂಲ ಜೋಡಣೆಯ ಪ್ರಕಾರ ಅದು ಮೇಲ್ಭಾಗ. ಇಡೀ ದೇಹದ ಪ್ರಕಾರ ಅದು ಹಿಂಭಾಗ. ಮೊದಲನೆಯ ಕ್ರಮಕ್ಕೆ ನರ ಅಕ್ಷ, ಎರಡನೆಯದಕ್ಕೆ ದೇಹ ಅಕ್ಷ ಎನ್ನೋಣ. ಹಣ್ಣಿನ ನೊಣದ ಆಂಟೆನಲ್ ಲೋಬ್ ದೇಹ ಅಕ್ಷದ ಪ್ರಕಾರ ಮಿದುಳಿನ ಮುಂಭಾಗದಲ್ಲಿದೆ, ನರ ಅಕ್ಷದ ಪ್ರಕಾರ ಕೆಳಭಾಗದಲ್ಲಿದೆ. ಅಣಬೆಕಾಯದ ಬಟ್ಟಲು ದೇಹ ಅಕ್ಷದಲ್ಲಿ ಹಿಂದೆ, ನರ ಅಕ್ಷದಲ್ಲಿ ಮೇಲೆ. ಎರಡು ಪ್ರಯೋಗಾಲಯಗಳು ಎರಡು ಅಕ್ಷ ಹಿಡಿದು ಬರೆದರೆ ಇಬ್ಬರೂ ಸರಿ, ಓದುವವರ ಗತಿ ಮಾತ್ರ ಕಷ್ಟ.

ವಯಸ್ಕ ನೊಣದ ಹೆಸರುಗಳು ಈಗ ದೇಹ ಅಕ್ಷವನ್ನು ಅನುಸರಿಸುತ್ತವೆ. ಬೆಳವಣಿಗೆಯನ್ನು ಅಥವಾ ಬೇರೆ ಬೇರೆ ಕೀಟಗಳನ್ನು ಹೋಲಿಸುವವರಿಗೆ ನರ ಅಕ್ಷವೇ ಹೆಚ್ಚು ಅನುಕೂಲ, ಅದಕ್ಕೂ ಅಡ್ಡಿಯಿಲ್ಲ. ಯಾವ ಅಕ್ಷ ಬಳಸಿದ್ದೇವೆ ಎಂಬುದನ್ನು ಬರಹದ ಆರಂಭದಲ್ಲೇ ಹೇಳಬೇಕು, ಅಷ್ಟೇ.

ಎಡ–ಬಲವೂ ಕೈಕೊಡುತ್ತದೆ. 2024ರ ನಕ್ಷೆಗೆ ಆಧಾರವಾದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು 2018ರಲ್ಲಿ ಪ್ರಕಟವಾಗಿದ್ದವು. ಚಿತ್ರ ತೆಗೆಯುವ ಹಂತದಲ್ಲೇ ಅವು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿದ್ದವು ಎಂಬುದು ಬಹಳ ತಡವಾಗಿ ಗೊತ್ತಾಯಿತು. ಗೊತ್ತುಮಾಡಿಕೊಟ್ಟದ್ದು ಅಸಿಮೆಟ್ರಿಕಲ್ ಬಾಡಿ ಎಂಬ ಒಂದು ಚಿಕ್ಕ ರಚನೆ. ಬಹುತೇಕ ನೊಣಗಳಲ್ಲಿ ಅದು ಬಲಗಡೆ ದೊಡ್ಡದಾಗಿರುತ್ತದೆ, ಈ ಚಿತ್ರಗಳಲ್ಲಿ ಎಡಗಡೆ ಕಂಡಿತು. ಹಾಗಾಗಿ ನಕ್ಷೆಯಲ್ಲಿ ಎಡ–ಬಲದ ಪಟ್ಟಿಗಳನ್ನು ಬದಲಾಯಿಸಬೇಕಾಯಿತು. ಅದಕ್ಕೂ ಮುಂಚೆ ಅದೇ ಚಿತ್ರಗಳನ್ನು ನೆಚ್ಚಿ ಬರೆದ ಪ್ರಬಂಧಗಳಲ್ಲಿ ಬಲ ಎಂದಿರುವುದನ್ನು ಎಡ ಎಂದೇ ಓದಿಕೊಳ್ಳಬೇಕು.

2014ರ ಪದ್ಧತಿ

ಜಪಾನಿನ ಕೇ ಇಟೊ ಅವರ ಮುಂದಾಳತ್ವದಲ್ಲಿ ಹಲವು ದೇಶಗಳ ಕೀಟ ನರವಿಜ್ಞಾನಿಗಳು ಕೂಡಿ, ಕೀಟ ಮಿದುಳಿನ ಹೆಸರುಗಳ ಕಾರ್ಯತಂಡ ಎಂಬ ಗುಂಪು ಕಟ್ಟಿದರು. ಅವರ ಪದ್ಧತಿ 2014ರಲ್ಲಿ ಪ್ರಕಟವಾಯಿತು. ಮಾದರಿಯಾಗಿ ತೆಗೆದುಕೊಂಡದ್ದು ಹಣ್ಣಿನ ನೊಣ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಅನ್ನು. ಬೇರೆ ಕೀಟಗಳಿಗೂ ಹೊಂದುವಂತೆ ಹೆಸರುಗಳನ್ನು ಆರಿಸಿದರು.

ಗಡಿ ಹಾಕಿದ್ದು ಹೇಗೆ ಎಂಬುದೇ ಇದರ ತಿರುಳು. ಸಿನಾಪ್ಸ್‌ಗಳಲ್ಲಿರುವ ಒಂದು ಪ್ರೋಟೀನಿಗೆ ಅಂಟುವ ಎನ್‌ಸಿ82 ಎಂಬ ಪ್ರತಿಕಾಯವಿದೆ. ಅದಕ್ಕೆ ಹೊಳೆಯುವ ಬಣ್ಣ ಕಟ್ಟಿ ಮಿದುಳಿಗೆ ಹಾಕಿದರೆ ಸಿನಾಪ್ಸ್ ದಟ್ಟವಾಗಿರುವ ಕಡೆ ಬೆಳ್ಳಗೆ, ಇಲ್ಲದ ಕಡೆ ಕಪ್ಪಗೆ ಕಾಣುತ್ತದೆ. ಎರಡು ನ್ಯೂರೋಪಿಲ್‌ಗಳ ನಡುವೆ ಗ್ಲಿಯಾ ಕೋಶಗಳ, ಅಂದರೆ ನರಕೋಶಗಳಿಗೆ ಆಸರೆಯಾದ ಕೋಶಗಳ, ತೆಳುಪೊರೆ ಇದ್ದರೆ ಅದು ಗೋಡೆಯಿದ್ದಂತೆ, ಗಡಿ ಸ್ಪಷ್ಟ. ಆಂಟೆನಲ್ ಲೋಬ್‌ಗೂ ಅಣಬೆಕಾಯಕ್ಕೂ ಹೆಚ್ಚು ಕಡೆ ಇಂಥ ಗೋಡೆ ಸಿಗುತ್ತದೆ. ಗೋಡೆ ಇಲ್ಲದ ಕಡೆ ಟ್ರ್ಯಾಕ್ಟ್‌ಗಳನ್ನು ಗುರುತಾಗಿ ಹಿಡಿದರು. ಎರಡು ಹೊಲಗಳ ನಡುವೆ ಬೇಲಿ ಇಲ್ಲದಿದ್ದರೆ ಕಾಲುದಾರಿಯನ್ನೇ ಎಲ್ಲೆ ಎಂದುಕೊಳ್ಳುತ್ತೇವಲ್ಲ, ಹಾಗೆ. ಅದೂ ಇಲ್ಲದ ಕಡೆ ಅಕ್ಕಪಕ್ಕದ ಗುರುತುಗಳ ನಡುವೆ ಒಂದು ಕಾಲ್ಪನಿಕ ಗೆರೆ ಎಳೆದರು.

ಈ ಕೊನೆಯ ಬಗೆಯ ಗಡಿಗಳ ಬಗ್ಗೆ ಎಚ್ಚರ ಬೇಕು. ಅವು ಒಪ್ಪಂದದ ಗೆರೆಗಳು, ಅಲ್ಲಿ ನರಕೋಶಗಳೇನೂ ನಿಲ್ಲುವುದಿಲ್ಲ. ಒಂದು ಕೋಶದ ಕೊಂಬೆಗಳು ಮೂರು ನಾಲ್ಕು ಭಾಗಗಳಲ್ಲಿ ಹರಡಿರುವುದು ತೀರ ಸಾಮಾನ್ಯ. ಇಂಥ ಗೆರೆಯನ್ನು ಕೆಲವೇ ಮೈಕ್ರೋಮೀಟರ್ ಆಚೀಚೆ ಸರಿಸಿದರೂ ಈ ಭಾಗದಲ್ಲಿ ಇಷ್ಟು ಸಿನಾಪ್ಸ್‌ಗಳಿವೆ ಎಂಬ ಎಣಿಕೆ ಬದಲಾಗುತ್ತದೆ. ಎರಡು ನಕ್ಷೆಗಳ ಅಂಕಿ ಹೊಂದದಿದ್ದರೆ ನೊಣಗಳಲ್ಲಿ ವ್ಯತ್ಯಾಸ ಹುಡುಕುವ ಮೊದಲು ಗೆರೆಗಳನ್ನು ಹೋಲಿಸಿ ನೋಡಬೇಕು.

ಒಟ್ಟು ಮಿದುಳನ್ನು ಹನ್ನೆರಡು ದೊಡ್ಡ ಗುಂಪುಗಳಾಗಿ ವಿಂಗಡಿಸಿದರು. ಕಣ್ಣಿನ ಹಿಂದಿನ ಆಪ್ಟಿಕ್ ಲೋಬ್, ಅಣಬೆಕಾಯ, ನಡುಗೆರೆಯ ಮೇಲೆ ಕೂತ ಸೆಂಟ್ರಲ್ ಕಾಂಪ್ಲೆಕ್ಸ್, ಆಂಟೆನಲ್ ಲೋಬ್, ಲ್ಯಾಟರಲ್ ಹಾರ್ನ್ ಇವೆಲ್ಲ ಹಳೆಯ ಹೆಸರುಗಳೇ. ಎಲ್ಲರ ಬಾಯಲ್ಲಿ ನೆಲೆಯಾದ ಹೆಸರನ್ನು ಆದಷ್ಟು ಮುಟ್ಟಲಿಲ್ಲ.

ಹೆಸರಿಲ್ಲದ ಹರವಿಗೆ ಹೊಸ ಹೆಸರು ಬೇಕಾದಾಗ ಅವರು ಆರಿಸಿದ ದಾರಿ ಚೆನ್ನಾಗಿದೆ. ಆ ಭಾಗ ಏನು ಕೆಲಸ ಮಾಡುತ್ತದೆ ಎಂಬುದರ ಮೇಲೆ ಹೆಸರಿಟ್ಟರೆ, ನಾಳೆ ಬೇರೆ ಕೆಲಸ ಪತ್ತೆಯಾದಾಗ ಹೆಸರು ಸುಳ್ಳಾಗುತ್ತದೆ. ಆದ್ದರಿಂದ ಎಷ್ಟೋ ಕಡೆ ಆಕಾರವನ್ನು ನೋಡಿ, ಉಡುಪು, ರಕ್ಷಾಕವಚ, ಕುದುರೆಯ ಜೀನು ಇಂಥವುಗಳಿಂದ ಪದ ತಂದರು. ಅಣಬೆಕಾಯದ ಒಳಚಾಚಿನ ಸುತ್ತ ಕೂದಲಿನ ಬಲೆಯಂತೆ ಆವರಿಸಿದ ಭಾಗ ಕ್ರೆಪಿನ್. ಗಾರ್ಜೆಟ್ ಎಂದರೆ ಯೋಧರ ಕತ್ತಿನ ಕವಚ, ಎಪಾಲೆಟ್ ಎಂದರೆ ಸಮವಸ್ತ್ರದ ಭುಜಪಟ್ಟಿ, ವೆಸ್ಟ್ ಎಂದರೆ ತೋಳಿಲ್ಲದ ಅಂಗಿ, ಸ್ಯಾಡಲ್ ಎಂದರೆ ಜೀನು, ಕ್ಯಾಂಟಲ್ ಎಂದರೆ ಜೀನಿನ ಹಿಂದಿನ ಏರು. ಹೀಗೆ ಇಟ್ಟ ಹೆಸರು ಕೆಲಸದ ಬಗ್ಗೆ ಏನನ್ನೂ ಹೇಳುವುದಿಲ್ಲ, ಹಾಗಾಗಿ ಹಳಸುವುದೂ ಇಲ್ಲ.

ಹಳೆಯ ಹೆಸರನ್ನು ಬೇಕೆಂದೇ ಬಿಟ್ಟ ಕಡೆಯೂ ಇದೆ. ಅನ್ನನಾಳದ ಕೆಳಗಿನ ಗಂಟನ್ನು ಕೆಲವರು ಎಸ್‌ಇಜಿ, ಕೆಲವರು ಎಸ್‌ಒಜಿ ಎಂದು ಬರೆಯುತ್ತಿದ್ದರು. ಅನ್ನನಾಳ ಎಂಬ ಪದದ ಕಾಗುಣಿತ ಬ್ರಿಟನ್ನಿನಲ್ಲಿ ಒಂದು, ಅಮೆರಿಕದಲ್ಲಿ ಇನ್ನೊಂದು, ಅದರಿಂದ ಬಂದ ವ್ಯತ್ಯಾಸ ಅದು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ನೊಣದಲ್ಲಿ ಗಂಟುಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡಿವೆ, ಅನ್ನನಾಳದ ಕೆಳಗೆ ಇರುವುದೆಲ್ಲ ಒಂದೇ ಮೂಲದ್ದಲ್ಲ. ದವಡೆ ಮತ್ತು ಬಾಯಿಯ ಅಂಗಗಳ ಮೂರು ಖಂಡಗಳಿಂದ ಬಂದ ಭಾಗಕ್ಕೆ ಈಗ ನೇಥಲ್ ಗ್ಯಾಂಗ್ಲಿಯಾ, ಅಂದರೆ ದವಡೆಯ ನರಗಂಟುಗಳು, ಎಂದು ಹೆಸರು. ಜಿಎನ್‌ಜಿ ಅದರ ಚಿಕ್ಕ ರೂಪ. ಮೂಲ ಯಾವುದಾದರೂ ಇರಲಿ, ಅನ್ನನಾಳದ ಕೆಳಗಿನ ಪ್ರದೇಶವನ್ನೆಲ್ಲ ಒಟ್ಟಿಗೆ ಹೇಳಬೇಕಾದರೆ ಎಸ್‌ಇಜೆಡ್ ಎನ್ನುತ್ತಾರೆ. ಎಸ್‌ಇಜೆಡ್ ದೊಡ್ಡದು, ಜಿಎನ್‌ಜಿ ಅದರೊಳಗಿನದು. ಒಂದರ ಬದಲು ಇನ್ನೊಂದನ್ನು ಬರೆಯುವಂತಿಲ್ಲ.

ಚಿಕ್ಕ ಹೆಸರನ್ನು ಓದುವ ಬಗೆ

ಎಸ್‌ಎಂಪಿ ಎಂಬುದನ್ನು ಬಿಡಿಸಿದರೆ ಸುಪೀರಿಯರ್ ಮೀಡಿಯಲ್ ಪ್ರೋಟೋಸೆರೆಬ್ರಮ್. ಮೇಲಿನದು, ನಡುಗೆರೆಯ ಕಡೆಯದು, ಮಿದುಳಿನ ಮೊದಲ ಖಂಡದ್ದು. ನಡುಗೆರೆಯಿಂದ ದೂರ ಸರಿದರೆ ಎಸ್‌ಐಪಿ, ಇನ್ನೂ ಪಕ್ಕಕ್ಕೆ ಹೋದರೆ ಎಸ್‌ಎಲ್‌ಪಿ.

ನ್ಯೂರೋಪಿಲ್‌ಗಳ ಚಿಕ್ಕ ರೂಪವನ್ನು ದೊಡ್ಡಕ್ಷರಗಳಲ್ಲೇ ಬರೆಯುತ್ತಾರೆ. ಟ್ರ್ಯಾಕ್ಟ್‌ಗಳಲ್ಲಿ ದಿಕ್ಕು ತೋರುವ ಮೊದಲಕ್ಷರ ಚಿಕ್ಕದು. ಎಂಎಎಲ್‌ಟಿಯ ಮೊದಲ ಎಂ ಹಾಗಿರುತ್ತದೆ. ಚಿತ್ರದ ವಿವರಣೆ ಬರೆಯುವಾಗ ಎಲ್ಲವನ್ನೂ ದೊಡ್ಡಕ್ಷರ ಮಾಡಿಬಿಟ್ಟರೆ ಈ ಸುಳಿವು ಕಳೆದುಹೋಗುತ್ತದೆ.

ನರಕೋಶಗಳ ಹೆಸರು ಈ ಪದ್ಧತಿಯ ಮೇಲೆ ಕಟ್ಟಿದ ಮಾಳಿಗೆ. ಮಿದುಳಿನಿಂದ ಕೆಳಗೆ ನರಹುರಿಗೆ ಇಳಿಯುವ ಕೋಶಗಳಿಗೆ ಡಿಎನ್ ಎಂಬ ಎರಡಕ್ಷರ. ಅದರ ಮುಂದಿನ ಅಕ್ಷರ ಕೋಶದೇಹ ಇರುವ ಜಾಗವನ್ನು ಹೇಳುತ್ತದೆ: ಪಿ ಎಂದರೆ ಮಿದುಳಿನ ಹಿಂಬದಿ, ಜಿ ಎಂದರೆ ದವಡೆಯ ನರಗಂಟು. ಕೊನೆಗೆ ಅಂಕಿ. ನೊಣವನ್ನು ಚಂಗನೆ ಹಾರಿಸಿ ಪಾರುಮಾಡುವ ಜೈಂಟ್ ಫೈಬರ್ ಎಂಬ ದಪ್ಪ ನರಕೋಶದ ಈಗಿನ ಹೆಸರು ಡಿಎನ್‌ಪಿ01. ಎರಡೂ ಹೆಸರು ಬಳಕೆಯಲ್ಲಿವೆ, ಎರಡೂ ಒಂದೇ ಕೋಶ.

ಕಂಪ್ಯೂಟರಿಗೆ ಹೆಸರೂ ಸಾಲದು. ಆದ್ದರಿಂದ ನೊಣದ ಅಂಗರಚನೆಯ ಶಬ್ದಕೋಶದಲ್ಲಿ ಪ್ರತಿ ಭಾಗಕ್ಕೂ ಎಂಟಂಕಿಯ ಗುರುತುಸಂಖ್ಯೆ ಕೊಟ್ಟಿದ್ದಾರೆ. ಆಪ್ಟಿಕ್ ಲೋಬ್‌ನ ಮೆಡುಲ್ಲಾ ಎಂಬ ಭಾಗದ್ದು ಎಫ್‌ಬಿಬಿಟಿ:00003748. ನಮ್ಮ ಮಿದುಳಿನ ಬುಡದಲ್ಲೂ ಮೆಡುಲ್ಲಾ ಇದೆ. ಹೆಸರು ಒಂದೇ, ಸಂಬಂಧ ಏನೂ ಇಲ್ಲ. ಹುಡುಕುವ ಯಂತ್ರ ಇವೆರಡನ್ನು ಬೆರೆಸದಂತೆ ಕಾಯುವುದು ಈ ಸಂಖ್ಯೆ. ಹಳೆಯ ಹೆಸರುಗಳೆಲ್ಲ ಅದೇ ಸಂಖ್ಯೆಯ ಕೆಳಗೆ ಪರ್ಯಾಯ ಹೆಸರುಗಳಾಗಿ ಉಳಿದಿರುತ್ತವೆ. ವರ್ಚುವಲ್ ಫ್ಲೈ ಬ್ರೇನ್ ಎಂಬ ಜಾಲತಾಣದಲ್ಲಿ ಹಳೆಯ ಹೆಸರು ಹಾಕಿ ಹುಡುಕಿದರೂ ಸರಿಯಾದ ಭಾಗ ಎದುರಿಗೆ ಬರುವುದು ಇದರಿಂದಲೇ.

ಎಲ್ಲ ಕೀಟಗಳಿಗೂ ಒಂದೇ ಹೆಸರು ಸಾಧ್ಯವೇ?

ಪೂರ್ತಿ ಸಾಧ್ಯವಿಲ್ಲ. ಸೆಂಟ್ರಲ್ ಕಾಂಪ್ಲೆಕ್ಸ್‌ನಲ್ಲಿ ಹಣ್ಣಿನ ನೊಣಕ್ಕೆ ಬೀಸಣಿಗೆಯಾಕಾರದ ಒಂದು ಭಾಗ, ಉಂಗುರದಂತೆ ಮುಚ್ಚಿಕೊಂಡ ಇನ್ನೊಂದು ಭಾಗ ಇದೆ. ಇವು ಫ್ಯಾನ್ ಶೇಪ್ಡ್ ಬಾಡಿ ಮತ್ತು ಎಲಿಪ್ಸಾಯ್ಡ್ ಬಾಡಿ. ಮಿಡತೆಯಲ್ಲಿ ಎರಡನೆಯ ಭಾಗ ಉಂಗುರವಾಗಿ ಮುಚ್ಚಿಕೊಂಡಿಲ್ಲ. ಅದನ್ನು ಎಲಿಪ್ಸಾಯ್ಡ್ ಎಂದರೆ ಕಣ್ಣೆದುರಿಗೆ ಇಲ್ಲದ ಆಕಾರವನ್ನು ಹೇಳಿದಂತಾಗುತ್ತದೆ. ಹಾಗಾಗಿ ಬೇರೆ ಕೀಟಗಳಲ್ಲಿ ಸೆಂಟ್ರಲ್ ಬಾಡಿಯ ಮೇಲಿನ ಭಾಗ, ಕೆಳಗಿನ ಭಾಗ ಎನ್ನುವುದೇ ರೂಢಿ. ಯಾವುದು ಯಾವುದಕ್ಕೆ ಸಮ ಎಂದು ಮೊದಲ ಬಾರಿಗೆ ಬರೆಯುವಲ್ಲೇ ಹೇಳಿಬಿಟ್ಟರೆ ಸಾಕು.

ಗಾತ್ರದ ಅಂತರವೂ ದೊಡ್ಡದು. ಹಣ್ಣಿನ ನೊಣದ ಒಂದು ಅಣಬೆಕಾಯದಲ್ಲಿ ಕೆನ್ಯನ್ ಕೋಶಗಳು ಸುಮಾರು 2,000. ಜೇನುನೊಣದಲ್ಲಿ ಲಕ್ಷ ದಾಟುತ್ತವೆ. ಹೆಸರು ಒಂದೇ ಎಂದ ಮಾತ್ರಕ್ಕೆ ಒಳಗಿನ ವಿಂಗಡಣೆಯೂ ಒಂದೇ ಇರಬೇಕೆಂದಿಲ್ಲ.

ಎದೆ ಮತ್ತು ಹೊಟ್ಟೆಯ ನರಹುರಿಗೆ ಇಂಥದೇ ಪದ್ಧತಿ ಬಂದದ್ದು 2020ರಲ್ಲಿ, ಅದೂ ಹಣ್ಣಿನ ನೊಣವನ್ನೇ ಆಧಾರವಾಗಿಟ್ಟುಕೊಂಡು. ಅಲ್ಲಿ ಕಾಲುಗಳ ಮೂರು ಜೋಡಿ ಭಾಗಗಳು ಸುಲಭ. ಅವುಗಳ ಮೇಲಿನ, ಕತ್ತು, ರೆಕ್ಕೆ ಮತ್ತು ರೆಕ್ಕೆಯ ಹಿಂದಿನ ತೂಕಗುಂಡುಗಳಿಗೆ ಸಂಬಂಧಿಸಿದ ಪದರಕ್ಕೆ ಟೆಕ್ಟ್ಯುಲಮ್ ಎಂಬ ಹೆಸರಿದೆ.

ಬಳಸುವವರಿಗೆ

ಹಳೆಯ ಪ್ರಬಂಧ ಓದುವಾಗ ಪ್ರಕಟವಾದ ವರ್ಷ ನೋಡಿ. 2014ಕ್ಕಿಂತ ಮುಂಚಿನದಾದರೆ ಹೆಸರಿಗಿಂತ ಚಿತ್ರವನ್ನೇ ನಂಬಿ, ಆ ಚಿತ್ರದ ಭಾಗವನ್ನು ಈಗಿನ ಅಟ್ಲಾಸಿನಲ್ಲಿ ಗುರುತಿಸಿ. ದಿಕ್ಕಿನ ಪದ ಬಂದಲ್ಲೆಲ್ಲ ಅಕ್ಷ ಯಾವುದು ಎಂದು ಹುಡುಕಿ. ಎಲ್ಲೂ ಹೇಳಿಲ್ಲದಿದ್ದರೆ, ಆಂಟೆನಲ್ ಲೋಬ್ ಅನ್ನು ಅವರು ಮುಂದೆ ಎಂದಿದ್ದಾರೋ ಕೆಳಗೆ ಎಂದಿದ್ದಾರೋ ನೋಡಿದರೆ ಗೊತ್ತಾಗುತ್ತದೆ.

ನೀವೇ ಬರೆಯುವಾಗ ಮೊದಲ ಸಲ ಪೂರ್ಣ ಹೆಸರು, ಚಿಕ್ಕ ರೂಪ, ಬೇಕಾದಲ್ಲಿ ಹಳೆಯ ಹೆಸರು ಮೂರನ್ನೂ ಕೊಡಿ. ಕೋಶದ ಹೆಸರಿನ ಜೊತೆ ಯಾವ ನಕ್ಷೆಯ ಯಾವ ಆವೃತ್ತಿ ಎಂಬುದೂ ಇರಲಿ, ಏಕೆಂದರೆ ಕೋಶಗಳ ವರ್ಗೀಕರಣ ಇನ್ನೂ ತಿದ್ದುಪಡಿಯಾಗುತ್ತಲೇ ಇದೆ.

ಒಂದು ಕಡೆ ಮಾತ್ರ ಈಗಲೂ ಎರಡು ಪದ್ಧತಿ ಜೊತೆಜೊತೆಯಾಗಿ ನಡೆಯುತ್ತಿದೆ. ಮಿದುಳಿನ ನಡುಭಾಗದ ಪ್ರತಿ ಅರ್ಧವನ್ನೂ ಸುಮಾರು ನೂರು ತಾಯಿಕೋಶಗಳು ಹುಟ್ಟಿಸುತ್ತವೆ. ಒಂದು ತಾಯಿಕೋಶದ ಸಂತತಿಯೆಲ್ಲ ಒಂದು ವಂಶ. ಈ ವಂಶಗಳಿಗೆ ಎರಡು ಗುಂಪಿನ ಸಂಶೋಧಕರು ಎರಡು ಬಗೆಯ ಹೆಸರು ಕೊಟ್ಟಿದ್ದಾರೆ. ವಾಸನೆಯ ಸುದ್ದಿ ಒಯ್ಯುವ ಒಂದು ಮುಖ್ಯ ವಂಶ ಒಂದು ಪಟ್ಟಿಯಲ್ಲಿ ಎಎಲ್‌ಎಡಿ1, ಇನ್ನೊಂದರಲ್ಲಿ ಬಿಎಎಂವಿ3. ಎರಡೂ ಪಟ್ಟಿಗಳನ್ನು ನೆಚ್ಚಿಕೊಂಡ ಬರಹಗಳು ಬೇಕಾದಷ್ಟಿವೆ. ಅದಕ್ಕೇ ವಂಶಗಳ ಬಗ್ಗೆ ಬರೆಯುವಾಗ ಎರಡು ಹೆಸರನ್ನೂ ಕೊಡಬೇಕು.